ಬರೆದು ಬದುಕುವವನ ಧರ್ಮ

ಬರವಣಿಗೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡವನು ಹೆಚ್ಚಾಗಿ ಬರೆಯಲೇಬೇಕಾಗುವುದು. ಹೆಚ್ಚಾಗಿ ಬರೆದವನನ್ನು ಲೋಕವು ಶಂಕಿಸುವುದು. ಈ ಶಂಕೆಯು ನ್ಯಾಯವೇ ಎಂಬುದನ್ನು ವಾಚಕರು ವಿಚಾರಿಸಬೇಕು.

ಗಳಗನಾಥರು (1869–1942) ಕಾದಂಬರಿಗಳನ್ನು ರಚಿಸಿ, ತಾವೇ ಹೊತ್ತು ಊರೂರು ಅಲೆದು ಮಾರಿದರು. ಅ. ನ. ಕೃಷ್ಣರಾಯರು (1908–1971) ನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದು ಲೇಖನಿಯನ್ನೇ ನಂಬಿ ಬಾಳಿದರು. ಅವೆಲ್ಲವೂ ಸಮಾನ ಯೋಗ್ಯತೆಯವೆಂದು ಅಭಿಮಾನಿಗಳೂ ಹೇಳಲಾರರು. ಆದರೂ ಕನ್ನಡಿಗರ ಮನೆಗಳಲ್ಲಿ ಓದುವ ಅಭ್ಯಾಸವು ಬೇರೂರಿದುದು ಇಂತಹವರ ದುಡಿಮೆಯಿಂದಲ್ಲವೇ?

ನಮ್ಮ ತಿಪಟೂರು ಸೀಮೆಯ ತೆಂಗನ್ನು ನೋಡಿರಿ. ಒಳ್ಳೆಯ ಮರವು ತಿಂಗಳಿಗೊಂದರಂತೆ ಹೊಂಬಾಳೆಯನ್ನು ಬಿಡುವುದು. ಆದರೆ ಪ್ರತಿಯೊಂದು ಕಾಯಿಯೂ ಬಲಿಯಲು ಸುಮಾರು ಒಂದು ವರ್ಷವೇ ಬೇಕು. ಆಮೇಲೂ ಅಟ್ಟದಲ್ಲಿ ಅನೇಕ ಮಾಸಗಳಿದ್ದ ಹೊರತು ಅದು ಕೊಬ್ಬರಿಯಾಗದು. ಬೆಲೆ ಬಂದಿತೆಂದು ಅವಧಿಗೆ ಮುನ್ನ ಒಡೆದರೆ ಒಳಗೆ ಹಸಿಯೇ ಉಳಿದಿರುವುದು. ಮರವು ಅವಸರಪಡದೆ ಎಡೆಬಿಡದೆ ಕೊಡುವ ಗುಟ್ಟು ಇಷ್ಟೇ: ಒಂದು ಗೊನೆಯು ಇಳಿಯುವಾಗ ಮಿಕ್ಕ ಗೊನೆಗಳು ಮೇಲೆ ಬಲಿಯುತ್ತಿರುವುವು.

ಲೇಖಕನಿಗೂ ಇದೇ ದಾರಿ. ದಿನವೂ ಬರೆಯಲಿ, ಇಂದು ಹೊಳೆದುದನ್ನು ಇಂದೇ ಮಾರದಿರಲಿ. ಆದರೆ ಅವನ ಹಸಿವನ್ನು ಅರಿಯದ ನಾವು ನೀತಿಯನ್ನು ಹೇಳಿ ಸುಮ್ಮನಿರುವುದು ತರವಲ್ಲ. ಮನೆಯಲ್ಲಿ ಕಾಳಿದ್ದ ರೈತನು ಮಾತ್ರವೇ ಕೊಬ್ಬರಿಗಾಗಿ ಕಾಯಬಲ್ಲನು. ಪುಸ್ತಕವನ್ನು ಎರವಲು ತಾರದೆ ಕೊಂಡು ಓದುವ ಗೃಹಸ್ಥರಿಂದಲೇ ಲೇಖಕನಿಗೆ ಆ ವ್ಯವಧಾನವು ದೊರೆಯಬೇಕು. ಅವನ ಧರ್ಮದಲ್ಲಿ ನಮ್ಮ ಪಾಲೂ ಉಂಟು.