ನೂಲಿನ ನುಡಿ

ಶಿವಶರಣರು ಕಾಯಕವನ್ನು ಬಿಟ್ಟು ಅನುಭಾವವನ್ನು ನುಡಿದವರಲ್ಲ. ಮುದನೂರಿನ ಜೇಡರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತೇ ರಾಮನಾಥನನ್ನು ಕಂಡನು. ಕದಿರೆ ರೆಮ್ಮವ್ವೆಯು ನೂಲುತ್ತ ನೂಲುತ್ತ ತನ್ನ ರಾಟೆಯ ಅಂಗಾಂಗಗಳಲ್ಲಿ ತ್ರಿಮೂರ್ತಿಗಳನ್ನು ಗುರುತಿಸಿದಳು. ತನ್ನ ಅಂಕಿತದಲ್ಲಿಯೂ ಆಕೆ ಕದಿರನ್ನು ಬಿಡಲಿಲ್ಲ. ಕಾಯಕದ ಹೆಸರೇ ದೇವರ ಹೆಸರಿಗೆ ಸೇರಿದ ಬಗೆ ಇದು.

ಆದರೆ ರಾಟೆಯನ್ನೇ ಕಾಣದವನು ಆ ವಚನವನ್ನು ಹೇಗೆ ಅರಿಯಬೇಕು? ಹಾಸು, ಹೊಕ್ಕು, ಲಾಳಿ, ಹಣಿಗೆ ಎಂಬ ಮಾತುಗಳು ಮನೆಯಿಂದ ಮರೆಯಾದರೆ ಶರಣರ ನುಡಿಯ ಅರ್ಥವೂ ಅವುಗಳೊಡನೆ ಮರೆಯಾಗುತ್ತದೆ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಕುಣಿಕೆಯಾಗಿ ಕೂಡಿಸುವರು. ಆ ಕೈಚಳಕವು ನೇಕಾರನ ಬೆರಳಿನಲ್ಲಿದೆ. ಅದನ್ನು ಬರೆದಿಡುವವರಿಲ್ಲದಿದ್ದರೆ ಬೆರಳಿನೊಡನೆಯೇ ಅದು ಮಣ್ಣಾಗುವುದು.

ಬರೆದು ಅಚ್ಚಿಗೆ ತರುವುದು ಎಂತಹ ಸೇವೆಯೆಂಬುದಕ್ಕೆ ಅಬಲೂರೇ ಸಾಕ್ಷಿ. ಏಕಾಂತದ ರಾಮಯ್ಯನ ನಿಷ್ಠೆಯನ್ನು ಅಲ್ಲಿಯ ಶಿಲಾಶಾಸನವು ಕಾಪಾಡಿತು. ಅದೇ ಊರಿನ ಕುಂಬಾರಗಿತ್ತಿ ಮಾಳಿಯ ಮಗನೆಂದು ಪರಂಪರೆ ಹೇಳುವ ಸರ್ವಜ್ಞನ ತ್ರಿಪದಿಗಳಿಗಾದರೋ ಶಿಲೆಯ ಆಶ್ರಯವಿರಲಿಲ್ಲ. ಅವು ಜನರ ನಾಲಗೆಯಲ್ಲಿಯೂ ಚದುರಿದ ಹಸ್ತಪ್ರತಿಗಳಲ್ಲಿಯೂ ಉಳಿದಿದ್ದವು. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಅವನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಅವರು ಕ್ರೈಸ್ತ ಪಾದ್ರಿಗಳು. ನುಡಿಯ ಮೇಲಣ ಪ್ರೀತಿಗೆ ಮತದ ಗಡಿ ಅಡ್ಡಬರಲಿಲ್ಲ. ಫ. ಗು. ಹಳಕಟ್ಟಿಯವರಿಗೆ ವಚನಗಳ ತಾಡೋಲೆ ಕಟ್ಟುಗಳು ಕಣ್ಣಿಗೆ ಬಿದ್ದುದೂ ರಬಕವಿ-ಬನಹಟ್ಟಿಯೆಂಬ ನೇಕಾರರ ನೆಲದಲ್ಲಿಯೇ. 1923ರಲ್ಲಿ 'ವಚನಶಾಸ್ತ್ರಸಾರ' ಹೊರಬಂದಿತು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭವಾಯಿತು. ಮುದ್ರಣಕ್ಕಾಗಿ ಆ ಮಹನೀಯರು ಇದ್ದ ಮನೆಯನ್ನೂ ಮಾರಿದರು.

ಹೀಗಿರಲು ವಸ್ತ್ರವನ್ನು ಕುರಿತು ಗ್ರಂಥ ಬರೆಯುವವನಿಗೆ ಒಂದು ವ್ರತವಿದೆ. ನೇಕಾರನ ಬಾಯಿಂದ ಕೇಳಿದುದನ್ನು ನೇಕಾರನ ಹೆಸರಿನಲ್ಲಿಯೇ ಬರೆಯಬೇಕು. ಕಲಿಸಿದವನ ಹೆಸರನ್ನು ಅಳಿಸಿ ತನ್ನ ಹೆಸರನ್ನು ಅಚ್ಚು ಹಾಕಿಸುವುದು ಅಂಕಿತವನ್ನು ಕದ್ದಂತೆ.

ಓದುವವನಿಗೂ ಒಂದು ವ್ರತವಿದೆ. ದಾಸಿಮಯ್ಯನು ಬಹುದಿನ ದುಡಿದು ನೆಯ್ದ ವಸ್ತ್ರವನ್ನು ಬೇಡಿಬಂದ ಜಂಗಮನಿಗೆ ಕೊಟ್ಟನು. ಜಂಗಮನು ಅದನ್ನು ಅವನೆದುರಿಗೇ ಹರಿದು ಚೂರುಮಾಡಿದರೂ ದಾಸಿಮಯ್ಯನು ಮುನಿಯಲಿಲ್ಲ. ಆ ಭಕ್ತಿಗೆ ಮೆಚ್ಚಿ ಶಿವನು ತವನಿಧಿಯನ್ನಿತ್ತನೆಂದು ಪುರಾಣವು ಹೇಳುತ್ತದೆ. ಈ ಕಥೆಯನ್ನು ಕೇಳಿ ಕಣ್ಣೀರು ತುಂಬಿದ ಗೃಹಸ್ಥನು ಮರುದಿನ ಸಂತೆಯಲ್ಲಿ ನೇಕಾರನ ಸೀರೆಗೆ ನಾಲ್ಕು ಕಾಸು ಕಡಿಮೆಮಾಡೆಂದು ಹೊತ್ತುಗಟ್ಟಲೆ ಕಾಡಿದರೆ ಆ ಕಣ್ಣೀರಿಗೆ ಬೆಲೆಯೇನು? ಕೊಡುವುದು ನೇಕಾರನ ಹಿರಿಮೆ. ಕಸಿದುಕೊಳ್ಳುವುದು ಭಕ್ತನ ಧರ್ಮವಲ್ಲ.

ಪುಸ್ತಕವನ್ನು ರೇಷ್ಮೆಯಲ್ಲಿ ಸುತ್ತಿ ಪೂಜೆಯ ಮಾಡದಲ್ಲಿಟ್ಟರೆ ಸಾಲದು. ಅದನ್ನು ಬಿಚ್ಚಿ ಓದಬೇಕು. ಓದಿದ ಕೈಯಿಂದಲೇ ನೆಯ್ದವನಿಗೆ ನ್ಯಾಯವಾದ ಬೆಲೆಯನ್ನು ಕೊಡಬೇಕು. ಉಟ್ಟ ಬಟ್ಟೆಯ ಪ್ರತಿ ಎಳೆಯಲ್ಲಿಯೂ ಒಬ್ಬ ಕಾಯಕಜೀವಿಯ ಉಸಿರಿದೆಯೆಂದು ಅರಿತವನ ಮನೆಯಲ್ಲಿ ಶಿವನು ಕರೆಯದೆಯೇ ಬಂದು ನೆಲೆಸುವನು.