ಚೀಟಿಯಲ್ಲಿಲ್ಲದ ಹೆಸರು

ಬಂಜೆ ಎಂಬ ಮಾತು ನಮ್ಮ ನಾಲಿಗೆಗೆ ಎಷ್ಟು ಸಲೀಸು! ಅದಕ್ಕೊಂದು ಪುಲ್ಲಿಂಗ ರೂಪವನ್ನು ಆಡುಮಾತಿನಲ್ಲಿ ಹುಡುಕಿ ನೋಡಿ, ಸಿಗುವುದು ಬೈಗುಳ ಮಾತ್ರ. ಭಾಷೆಗೇ ಇಷ್ಟು ಸಂಕೋಚವಿರುವಾಗ ಮಕ್ಕಳಾಗದ ಗಂಡಸು ವೈದ್ಯರೆದುರು ಬಾಯಿ ಬಿಡುವುದಾದರೂ ಹೇಗೆ?

ಭದ್ರಾವತಿಯಿಂದ ಶಿವಮೊಗ್ಗದ ಬಸ್ಸು ಹತ್ತುವ ದಂಪತಿಯನ್ನು ನೆನೆಯೋಣ. ಪ್ಲಾಸ್ಟಿಕ್ ಕವರಿನ ತುಂಬ ಸ್ಕ್ಯಾನಿಂಗ್, ರಕ್ತಪರೀಕ್ಷೆ, ಔಷಧಿ ಚೀಟಿ. ಎಲ್ಲದರ ಮೇಲೂ ಅವಳದೇ ಹೆಸರು. ಅಶ್ವತ್ಥಕಟ್ಟೆ ಸುತ್ತಿದವಳು ಅವಳು, ನಾಗರಕಲ್ಲಿಗೆ ಹಾಲೆರೆದವಳು ಅವಳು, ಬಾಣಂತಿ ಮನೆಯ ಹೊಸ್ತಿಲಲ್ಲಿ ಹಿಂಜರಿದು ನಿಂತವಳೂ ಅವಳೇ. ಅವನು ಕವರು ಹಿಡಿದುಕೊಂಡಿದ್ದಾನೆ, ಅಷ್ಟೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ ಎಂಬುದು ವೈದ್ಯಲೋಕಕ್ಕೆ ಹಳೆಯ ಸಂಗತಿ. ನಮ್ಮ ಜಗಲಿಗೆ ಅದಿನ್ನೂ ಬಂದು ಮುಟ್ಟಿಲ್ಲ.

ಗಂಡಿನ ಈ ಪಾಲನ್ನು ನೋಡಬೇಕಾದ ಮೂತ್ರರೋಗ ತಜ್ಞನಾಗಲು ಹನ್ನೊಂದೂವರೆ ವರ್ಷದ ಓದು ಬೇಕು. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ, ಶಸ್ತ್ರಚಿಕಿತ್ಸೆಯ ಎಂಎಸ್‌ಗೆ 3, ಆಮೇಲೆ ಎಂಸಿಎಚ್‌ಗೆ ಮತ್ತೆ 3. ಕಲ್ಲು ಒಡೆಯುವುದನ್ನು, ಪ್ರಾಸ್ಟೇಟ್ ಕೆರೆಯುವುದನ್ನು, ವೃಷಣದ ಬಳಿ ಉಬ್ಬಿದ ವೇರಿಕೋಸೀಲಿನ ನಾಳಗಳನ್ನು ಸೂಕ್ಷ್ಮದರ್ಶಕದಡಿ ಕಟ್ಟುವುದನ್ನು ಕೈ ಕಲಿಯುತ್ತದೆ. ಕಿವಿಯ ಪಾಠ ಎಲ್ಲಿ ಆಗಬೇಕು? ಒಳಗೆ ಬಂದವನು ಉರಿಮೂತ್ರದ ವಿಷಯ ಹೇಳುತ್ತಾನೆ, ಮಾತ್ರೆ ಬರೆಸಿಕೊಳ್ಳುತ್ತಾನೆ, ಏಳುತ್ತಾನೆ. ಬಾಗಿಲ ಹಿಡಿಕೆಗೆ ಕೈ ಹಾಕಿದ ಮೇಲೆ ತಿರುಗಿ, “ಸಾರ್, ಇನ್ನೊಂದು ವಿಷಯ...” ಎನ್ನುತ್ತಾನೆ. ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಅವನನ್ನು ಮರಳಿ ಕೂರಿಸುವ ಸಹನೆ ಯಾವ ಪದವಿಯ ಪಠ್ಯದಲ್ಲಿದೆ? ಆ ಸಹನೆ ಸಿಗದ ಕಡೆಯೇ ಅಲ್ಲವೇ, ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತಿಗೆ ಗಿರಾಕಿ ಹುಟ್ಟುವುದು?

ಇನ್ನು ದೇಹದ ರಚನೆಯನ್ನೇ ನೋಡಿ. ಹೃದಯಕ್ಕೆ ಎಲುಬಿನ ಗೂಡು, ಮಿದುಳಿಗೆ ಬುರುಡೆ. ವಂಶದ ಬೀಜವನ್ನೋ ದೇಹ ಹೊರಗೆ, ಯಾವ ಕವಚವೂ ಇಲ್ಲದೆ ತೂಗುಬಿಟ್ಟಿದೆ. ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪಿದ್ದರೆ ಮಾತ್ರ ಅಲ್ಲಿ ವೀರ್ಯಾಣು ಸರಿಯಾಗಿ ಬಲಿಯುವುದು. ನಾವು ಗಂಡಸುತನವನ್ನು ಉಕ್ಕಿಗೂ ಬೆಂಕಿಗೂ ಹೋಲಿಸುತ್ತ ಬಂದೆವು, ದೇಹ ಕೇಳಿದ್ದು ತಂಪು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಗೆ ಈ ಮಾತು ತುಸು ಹತ್ತಿರದ್ದು. ಕುಲುಮೆಯ ಬಾಯಲ್ಲಿ ವರ್ಷಗಟ್ಟಲೆ ನಿಂತವರ, ವೆಲ್ಡಿಂಗ್ ಮಾಡುವವರ ವೀರ್ಯದ ಗುಣ ಕುಗ್ಗಬಹುದು ಎಂದು ವೈದ್ಯಶಾಸ್ತ್ರ ಎಚ್ಚರಿಸುತ್ತದೆ. ಪಾಳಿ ಮುಗಿಸಿ ಬಂದವನ ಬೆವರನ್ನು ಊರು ಹೊಗಳಿತು. ಆ ಬಿಸಿ ಅವನಿಂದ ಏನು ಕಿತ್ತುಕೊಂಡಿರಬಹುದೆಂದು ಕೇಳಿದವರೆಷ್ಟು ಮಂದಿ?

ಒಂದು ವೀರ್ಯಾಣು ರೂಪುಗೊಂಡು ಹೊರಬರಲು ಹೆಚ್ಚುಕಡಿಮೆ 3 ತಿಂಗಳು ಬೇಕು. ಹಾಗಾಗಿ ಇಂದು ಲ್ಯಾಬಿನವರು ಕೈಗಿಡುವ ರಿಪೋರ್ಟು ಮೂರು ತಿಂಗಳ ಹಿಂದಿನ ಜ್ವರದ, ನಿದ್ದೆಗೇಡಿನ, ಸಿಗರೇಟಿನ ಲೆಕ್ಕವನ್ನೂ ಹೇಳುತ್ತಿರಬಹುದು. ಅದನ್ನು ತೀರ್ಪೆಂದು ಓದಿ, ನಾಲ್ಕಾಗಿ ಮಡಿಸಿ ಜೇಬಿಗೆ ತುರುಕಿಕೊಂಡು ಹೆಂಡತಿಗೂ ಹೇಳದೆ ನಡೆದುಬಿಡುವವನನ್ನು ಕಂಡರೆ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ಒಮ್ಮೆ ನೋಡಿದ ಅಂಕಿಯನ್ನು ವೈದ್ಯರೇ ಕೊನೆಯದೆಂದು ಒಪ್ಪುವುದಿಲ್ಲ, ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಾರೆ.

ಮಕ್ಕಳು ಬೇಕೆಂಬಾಗ ಹೀಗೆ. ಸಾಕೆಂಬಾಗ? 1930ರಲ್ಲೇ ಸರ್ಕಾರಿ ಜನನ ನಿಯಂತ್ರಣ ಚಿಕಿತ್ಸಾಲಯ ತೆರೆದ ಮೈಸೂರು ಸಂಸ್ಥಾನದ ಮಕ್ಕಳು ನಾವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಡೀ ದೇಶದ ಚಿತ್ರ ಹೀಗಿದೆ: ವಿವಾಹಿತ ಮಹಿಳೆಯರಲ್ಲಿ ಸಂತಾನಹರಣ ಚಿಕಿತ್ಸೆಗೆ ತಾವೇ ಒಳಗಾದವರು ಶೇ. 37.9, ಗಂಡನಿಗೆ ಮಾಡಿಸಿದವರು ಶೇ. 0.3. ಗಂಡಸಿನ ಚಿಕಿತ್ಸೆಯೇ ಸುಲಭದ್ದು, ಅಂದೇ ಮನೆಗೆ ಹೋಗಬಹುದಾದದ್ದು. ಆದರೂ ಮೇಜಿನ ಮೇಲೆ ಮಲಗುವವಳು ಅವಳೇ.

ಮನೆಯ ಹಿರಿಯರಲ್ಲಿ ಒಂದು ಬಿನ್ನಹ. ಮುಂದಿನ ಸಲ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ದಾಗ, ಕೌಂಟರಿನಲ್ಲಿ ಚೀಟಿ ಮಾಡಿಸುವ ಹೊತ್ತಿಗೆ, ಮಗನ ಹೆಸರಲ್ಲೂ ಒಂದು ಬರೆಸಿ.