ಕಂಡ ಬಿಂದಿಗೆ, ಮುಟ್ಟಿದ ಬಿಂದಿಗೆ

ಸೀರೆ ಕಣ್ಣಿಗೆ ಎಷ್ಟೇ ಒಪ್ಪಿದರೂ ಅಷ್ಟಕ್ಕೇ ಕೊಳ್ಳುವವರು ಕಡಿಮೆ. ಸೆರಗಿನ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜುತ್ತಾರೆ. ಅದಕ್ಕೂ ನಾವು ಹೇಳುವುದು 'ಮುಟ್ಟಿ ನೋಡು' ಎಂದೇ. ಕಣ್ಣು-ಕೈಗಳ ಈ ನಂಟನ್ನೇ ಹಿಡಿದು ನ್ಯಾಯದರ್ಶನ ಆತ್ಮವನ್ನು ಸಾಧಿಸಹೊರಟಿತು. ನ್ಯಾಯಸೂತ್ರದ ಮೂರನೆಯ ಅಧ್ಯಾಯ ಶುರುವಾಗುವುದೇ ಈ ವಾದದಿಂದ. ಬಣ್ಣ ಕಣ್ಣಿನ ಪಾಲು, ಬಿಸಿ-ತಂಪು ಚರ್ಮದ ಪಾಲು. ಒಂದರ ವಿಷಯ ಇನ್ನೊಂದಕ್ಕೆ ದಕ್ಕದು. ಆದರೂ ಕಂಡ ಬಿಂದಿಗೆಯನ್ನೇ ಮುಟ್ಟುತ್ತಿದ್ದೇನೆ ಎಂಬ ಅರಿವು ಬರುತ್ತದಲ್ಲ, ಅದು ಯಾರದು? ಇಂದ್ರಿಯಗಳಿಗಿಂತ ಬೇರೆಯಾದ ಒಬ್ಬ ಅರಿಯುವವನದು, ಅವನೇ ಆತ್ಮ ಎಂದರು ನೈಯಾಯಿಕರು.

ಬೌದ್ಧರು ಒಪ್ಪಲಿಲ್ಲ. ಅರಿವಿನ ಕ್ಷಣಗಳುಂಟು, ಅವುಗಳಾಚೆ ಅರಿಯುವವನಿಲ್ಲ. 'ಅದೇ ಇದು' ಎಂಬುದು ಕಲ್ಪನೆ ಎಂದರು. ಹೆಚ್ಚುಕಡಿಮೆ ಇದೇ ಗಂಟನ್ನು 1688ರಲ್ಲಿ ಐರ್ಲೆಂಡಿನ ವಿಲಿಯಂ ಮೊಲಿನ್ಯೂ ಬೇರೆ ತುದಿಯಿಂದ ಹಿಡಿದ: ಗೋಳ, ಘನಗಳನ್ನು ಮುಟ್ಟಿ ಬಲ್ಲ ಹುಟ್ಟುಕುರುಡನಿಗೆ ದೃಷ್ಟಿ ಬಂದರೆ, ನೋಡಿದೊಡನೆ ಗುರುತಿಸಿಯಾನೇ? ಭಾರತದಲ್ಲಿ ನರವಿಜ್ಞಾನಿ ಪವನ್ ಸಿನ್ಹಾ ಅವರ 'ಪ್ರಕಾಶ್' ಯೋಜನೆಯಡಿ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ, 8ರಿಂದ 17 ವರ್ಷದ ಐವರ ಮೇಲೆ ಇದರ ಪರೀಕ್ಷೆ ನಡೆಯಿತು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಆಟದ ಇಟ್ಟಿಗೆಯಂಥ ತುಂಡನ್ನು ಮುಟ್ಟಿ, ಮತ್ತೆ ಮುಟ್ಟಿಯೇ ಆರಿಸುವಾಗ ತಪ್ಪು ತೀರಾ ಕಡಿಮೆ. ಮುಟ್ಟಿದ್ದನ್ನು ಕಣ್ಣಿಂದ ಆರಿಸುವಾಗ ಮಾತ್ರ ಬರೀ ಊಹೆ. ಕಣ್ಣು-ಕೈಗಳ ಹೊಂದಿಕೆ ಹುಟ್ಟಿನ ಸೊತ್ತಲ್ಲ ಎಂದಾಯಿತು. ಹಾಗಾದರೆ 'ಅದೇ ಇದು' ಎಂಬುದು ಕಲ್ಪನೆ ಎಂದ ಬೌದ್ಧರೇ ಗೆದ್ದರೇ?

ಪೂರ್ತಿ ಇಲ್ಲ. ಸ್ಪರ್ಶವೆಂದರೆ ಚರ್ಮಕ್ಕೆ ಏನೋ ಬಂದು ತಗಲುವುದಷ್ಟೇ ಅಲ್ಲ. ಮನೋವಿಜ್ಞಾನಿಗಳಾದ ಸೂಸನ್ ಲೆಡರ್‌ಮನ್, ರಾಬರ್ಟಾ ಕ್ಲಾಟ್ಸ್‌ಕಿ 1987ರಲ್ಲಿ ತೋರಿಸಿದಂತೆ, ನುಣುಪು ತಿಳಿಯಲು ಬೆರಳು ಅತ್ತಿತ್ತ ಸವರುತ್ತದೆ, ಗಟ್ಟಿತನಕ್ಕೆ ಒತ್ತುತ್ತದೆ, ಬಿಸಿಗೆ ಸುಮ್ಮನೆ ತಂಗುತ್ತದೆ, ಆಕಾರಕ್ಕೆ ಅಂಚು ಹಿಡಿದು ಸಾಗುತ್ತದೆ. ತೂಕಕ್ಕಾದರೆ ಕೈ ವಸ್ತುವನ್ನು ಎತ್ತಿ ಹಿಡಿಯುತ್ತದೆ. ಗುಣ ತಿಳಿಯುವ ಮೊದಲೇ ಅದರ ಹುಡುಕಾಟವಿದೆ. ಸ್ಪರ್ಶವೂ ಮೋಸ ಮಾಡುತ್ತದೆ, ಒಂದೇ ಕೋಣೆಯ ಸ್ಟೀಲ್ ಚೊಂಬು ತಣ್ಣಗೆ, ಮರದ ಮಣೆ ಬೆಚ್ಚಗೆ ಅಲ್ಲವೇ ಎನ್ನಬಹುದು. ಅದು ಮೋಸವಲ್ಲ. ಲೋಹ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಚರ್ಮ ಹೇಳುವುದು ಅದನ್ನೇ. ಮುಟ್ಟುವವನನ್ನು ಬಿಟ್ಟು ಸ್ಪರ್ಶದ ಲೆಕ್ಕವಿಲ್ಲ. ಇಷ್ಟರಿಂದ ನಿತ್ಯ ಆತ್ಮ ಸಿದ್ಧಿಸದು. ಅಲ್ಲಿ ನೈಯಾಯಿಕರು ಸಾಕ್ಷ್ಯ ಮೀರಿ ನಡೆದರು. ಆದರೆ ಉಜ್ಜುವ ಬೆರಳು ಮೊದಲ ಕ್ಷಣ ಅರಸಹೊರಟದ್ದನ್ನೇ ಕೊನೆಯ ಕ್ಷಣ ಕಂಡುಕೊಳ್ಳುತ್ತದೆ. ಬೌದ್ಧರಂತೆ ಕ್ಷಣದಿಂದ ಕ್ಷಣ ಹುಟ್ಟುತ್ತದೆ ಎಂದಷ್ಟೇ ಹೇಳಿದರೆ ಈ ಗುರಿಗೆ ವಿವರಣೆ ಸಿಗುವುದಿಲ್ಲ. ದೃಷ್ಟಿ ಪಡೆದ ಆ ಐವರಲ್ಲೂ ಅಷ್ಟೇ: ಮತ್ತೆ ಪರೀಕ್ಷೆಗೆ ಸಿಕ್ಕವರು, ಯಾರೂ ಕೂರಿಸಿ ಕಲಿಸದೆಯೇ, ಮುಟ್ಟಿದ್ದನ್ನು ಕಣ್ಣಿಂದ ಗುರುತಿಸತೊಡಗಿದ್ದರು.